ನೆಟ್‌ವರ್ಕ್ ಕೈಕೊಡುವ ಮುನ್ನ ಮನೆಗೊಂದು ಮೆಸೇಜ್

ಶುಕ್ರವಾರ ಮಧ್ಯಾಹ್ನ ಬೆಂಗಳೂರಿನಿಂದ ಊರಿಗೆ ಹೊರಟಿದ್ದೆವು. ಗಂಡ ಕಾರು ಓಡಿಸುತ್ತಿದ್ದರೆ, ನನ್ನ ತೊಡೆ ಮೇಲೆ ಲ್ಯಾಪ್‌ಟಾಪ್. ವರ್ಕ್ ಫ್ರಂ ಹೋಮ್ ಗೊತ್ತಲ್ಲ, ಇದು ವರ್ಕ್ ಫ್ರಂ ಹೈವೇ! ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ ದಾಟಿದರೂ ಮೊಬೈಲ್ ಹಾಟ್‌ಸ್ಪಾಟ್ ಚೆನ್ನಾಗಿಯೇ ನಡೆಯಿತು. ದಾವಣಗೆರೆಯಲ್ಲಿ ಅಕ್ಕನನ್ನು ಹತ್ತಿಸಿಕೊಂಡು ಚನ್ನಗಿರಿ ಕಡೆ ತಿರುಗುವ ಮುಂಚೆ ಆಫೀಸಿಗೆ ಮೆಸೇಜ್ ಹಾಕಿದೆ: ‘ಇನ್ನೊಂದೆರಡು ಗಂಟೆ ನೆಟ್‌ವರ್ಕ್ ಸಿಗದಿರಬಹುದು.’ ಅಪ್ಪನಿಗೆ ಹಾಕಲಿಲ್ಲ. ಇನ್ನೇನು ಮನೆಗೇ ಹೋಗ್ತಿದ್ದೀವಲ್ಲ!

ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಸೂಳೆಕೆರೆ, ಅಂದರೆ ಶಾಂತಿಸಾಗರ, ಕಣ್ಣಿಗೆ ಬಿತ್ತು. ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಅಂತ ಹೆಸರಾದದ್ದು. ಅಕ್ಕ ಕೆರೆ ಕಟ್ಟಿಸಿದ ಶಾಂತವ್ವನ ಕಥೆ ಶುರು ಮಾಡಿದಳು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಸ್ವಲ್ಪ ಮುಂದೆ, ಗುಡ್ಡದ ಮಗ್ಗುಲಲ್ಲಿ, ಟೈರ್ ಪಂಕ್ಚರ್. ಸ್ಟೆಪ್ನಿಯಲ್ಲೂ ಗಾಳಿ ಇಲ್ಲ!

ಹಾಟ್‌ಸ್ಪಾಟ್ ಹಾಕಿ ಹಾಕಿ ನನ್ನ ಫೋನ್ ಆಗಲೇ ಸತ್ತಿತ್ತು. ಉಳಿದಿಬ್ಬರ ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ. ಮೂವರದ್ದೂ ಒಂದೇ ಕಂಪನಿಯ ಸಿಮ್. ದಾರಿಯಲ್ಲಿ ಬಂದ ಬೈಕಿನವರೊಬ್ಬರು ಗಂಡನನ್ನೂ ಟೈರನ್ನೂ ಕೂರಿಸಿಕೊಂಡು ಹೋದರು. ಪಂಕ್ಚರ್ ಅಂಗಡಿಯಲ್ಲಿ ಯುಪಿಐ ಸುತ್ತುತ್ತಲೇ ಇತ್ತಂತೆ. ಅಕ್ಕ ಕೈಗೆ ತುರುಕಿ ಕಳಿಸಿದ್ದ ನೋಟುಗಳೇ ಮರ್ಯಾದೆ ಉಳಿಸಿದವು.

ಮನೆ ಮುಟ್ಟುವಾಗ ಕತ್ತಲು. ಅಡಿಕೆ ತೋಟದ ತಿರುವಿನಲ್ಲಿ ಟಾರ್ಚ್ ಹಿಡಿದು ಅಪ್ಪ ನಿಂತಿದ್ದರು. ಬಿಪಿ ಇರುವ ಜೀವ. ‘ಮೂವರಿಗೂ ಮಾಡಿದೆ, ಒಂದೂ ಹತ್ತಲಿಲ್ಲವಲ್ಲವ್ವಾ’ ಅಂದರು, ಅಷ್ಟೇ. ಆಫೀಸಿನವರಿಗೆ ಗೊತ್ತಿದ್ದ ವಿಷಯ ಅಪ್ಪನಿಗೆ ಗೊತ್ತಿರಲಿಲ್ಲ.

ಹೀಗೇಕಾಗುತ್ತದೆ?

ಓಡುವ ಕಾರಿನಲ್ಲಿ ಫೋನ್ ಒಂದು ಟವರ್ ಬಿಟ್ಟು ಇನ್ನೊಂದನ್ನು ಹಿಡಿಯುತ್ತಾ ಸಾಗಬೇಕು. ನಡುವೆ ಗುಡ್ಡ ಬಂದರೆ ತರಂಗದ ಬಲ ಕುಗ್ಗುತ್ತದೆ. ಸಿಗ್ನಲ್ ಕಡಿಮೆಯಾದಷ್ಟೂ ಫೋನ್ ಟವರ್ ಹುಡುಕಲು ಹೆಚ್ಚು ಶಕ್ತಿ ಸುರಿಯುತ್ತದೆ. ಅದಕ್ಕೇ ಇಂಥ ದಾರಿಯಲ್ಲಿ ಬ್ಯಾಟರಿ ಬೇಗ ಖಾಲಿ.

ಹೊರಡುವ ಮುನ್ನ

* ಎರಡನೇ ಸಿಮ್ ಬೇರೆ ಕಂಪನಿಯದ್ದಿರಲಿ. ಮನೆಯವರೆಲ್ಲ ಒಂದೇ ಕಂಪನಿ ಆದರೆ ಸಿಗ್ನಲ್ ಹೋದಾಗ ಎಲ್ಲರದ್ದೂ ಒಟ್ಟಿಗೇ ಹೋಗುತ್ತದೆ.
* ಗೂಗಲ್ ಮ್ಯಾಪ್ಸ್‌ನಲ್ಲಿ ಆ ಭಾಗದ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ, ದಾರಿ ಕಾಣುತ್ತದೆ. ಟ್ರಾಫಿಕ್ ಮಾಹಿತಿ ಮಾತ್ರ ಸಿಗದು.
* ಕಾರ್ ಚಾರ್ಜರ್, ಪವರ್ ಬ್ಯಾಂಕ್, ಒಂದಿಷ್ಟು ನಗದು ಜೊತೆಗಿರಲಿ. ಸ್ಟೆಪ್ನಿಯ ಗಾಳಿಯನ್ನೂ ನೋಡಿ!

ದಾರಿಯಲ್ಲಿ

* 5ಜಿ ಬಂದು ಹೋಗಿ ಮಾಡುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ 4ಜಿಗೆ ಬದಲಿಸಿ. ಹಾಟ್‌ಸ್ಪಾಟ್ ಬೇಕಾದಾಗ ಮಾತ್ರ ಆನ್ ಮಾಡಿ.
* ಕಡ್ಡಿ ಕಾಣುತ್ತಿದ್ದರೂ ನೆಟ್ ಓಡದಿದ್ದರೆ ಹತ್ತು ಸೆಕೆಂಡ್ ಫ್ಲೈಟ್ ಮೋಡ್ ಹಾಕಿ ತೆಗೆಯಿರಿ. ಫೋನ್ ಹೊಸದಾಗಿ ಟವರ್ ಹುಡುಕುತ್ತದೆ.
* ಡೇಟಾ ಇಲ್ಲದಿದ್ದರೂ ಸಿಗ್ನಲ್ ಇದ್ದರೆ, ಬ್ಯಾಂಕಿಗೆ ಕೊಟ್ಟ ನಂಬರಿನಿಂದ *99# ಒತ್ತಿ ಯುಪಿಐ ಹಣ ಕಳಿಸಬಹುದು. ವಾಟ್ಸಾಪ್ ಹೋಗದಿದ್ದಾಗ ಎಸ್ಸೆಮ್ಮೆಸ್ ಹೋಗುವುದೂ ಉಂಟು.
* ಅಪಾಯ ಬಂದರೆ 112. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಕರೆ ಹೋಗುತ್ತದೆ.
* ಡ್ರೈವ್ ಮಾಡುವವರು ಫೋನ್ ಮುಟ್ಟುವುದೇ ಬೇಡ. ಮೀಟಿಂಗ್ ಇದ್ದರೆ ಸಿಗ್ನಲ್ ಚೆನ್ನಾಗಿರುವ ಊರಿನಲ್ಲಿ ಕಾರು ನಿಲ್ಲಿಸಿ, ಮುಗಿಸಿ ಹೊರಡಿ.

ಕೊನೆಯದು, ಖರ್ಚೇ ಇಲ್ಲದ್ದು: ಸಿಗ್ನಲ್ ಇರುವ ಕೊನೆಯ ಊರಿನಿಂದ ಮನೆಗೊಂದು ಫೋನ್ ಮಾಡಿ. ‘ಇಲ್ಲಿದ್ದೀವಿ, ಇಷ್ಟು ಗಂಟೆಗೆ ಬರ್ತೀವಿ, ನಡುವೆ ಫೋನ್ ಸಿಗಲ್ಲ, ಗಾಬರಿ ಆಗ್ಬೇಡಿ’ ಅಂದರೆ ಸಾಕು. ಲೈವ್ ಲೊಕೇಶನ್ ಕಳಿಸಿದ್ದೀನಿ ಅಂತ ಸುಮ್ಮನಾಗಬೇಡಿ. ನೆಟ್ ಹೋದರೆ ಅದೂ ನಿಂತಲ್ಲೇ ನಿಲ್ಲುತ್ತದೆ, ನೋಡುವವರ ಎದೆ ಇನ್ನಷ್ಟು ಹೊಡೆದುಕೊಳ್ಳುತ್ತದೆ.

ಈಗ ದಾವಣಗೆರೆ ಬಿಡುವಾಗ ಮೊದಲ ಫೋನ್ ಅಪ್ಪನಿಗೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿಡುತ್ತೇನೆ. ಕೆರೆ ಏರಿ ಮೇಲೆ ಕಾರು ನಿಲ್ಲಿಸಿ ಐದು ನಿಮಿಷ ನೀರು ನೋಡುತ್ತೇವೆ. ಅಕ್ಕನ ಶಾಂತವ್ವನ ಕಥೆಯೂ ಈಗ ಪೂರ್ತಿ ಕೇಳಿಸಿಕೊಂಡಿದ್ದೇನೆ.