ಬಗ್ಲಮಾಸ್ ವಾದ್ಯದಲ್ಲಿ ಹಿಜಾಜ್‌ಕ್ಯಾರ್: ‘ಪರಕೀಯ’ ಸ್ವರಶ್ರೇಣಿಯೊಂದರ ಕಲಿಕೆ

ಪಾಶ್ಚಾತ್ಯ ಸಂಗೀತದ ಕೈಪಿಡಿಗಳಲ್ಲಿ ಮೇಜರ್, ಮೈನರ್ ಶ್ರೇಣಿಗಳನ್ನು ಮೊದಲು ವಿವರಿಸಿ, ಅವುಗಳಿಗೆ ಹೊರತಾದವನ್ನು ‘ಎಕ್ಸಾಟಿಕ್’ ಎಂಬ ತಲೆಬರಹದಡಿ ಕೊನೆಯಲ್ಲಿ ಸೇರಿಸುವ ರೂಢಿಯುಂಟು. ಅಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ‘ಡಬಲ್ ಹಾರ್ಮೋನಿಕ್’. ಗ್ರೀಸ್ ದೇಶದ ರೆಬೆಟಿಕೊ ವಾದಕರು ಇದನ್ನು ‘ಹಿಜಾಜ್‌ಕ್ಯಾರ್’ ಎನ್ನುತ್ತಾರೆ. ಕರ್ನಾಟಕ ಸಂಗೀತದಲ್ಲಿ ಇದೇ ಸ್ವರಸ್ಥಾನಗಳು 15ನೆಯ ಮೇಳವಾದ ಮಾಯಾಮಾಳವಗೌಳಕ್ಕೆ ಸೇರಿವೆ. ಸರಳೆ ವರಸೆಗಳನ್ನು ಈ ರಾಗದಲ್ಲಿ ಕಲಿಸುವ ಕ್ರಮವನ್ನು ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುತ್ತದೆ. ಒಂದೆಡೆ ಅನುಬಂಧಕ್ಕೆ ಸರಿದ ಶ್ರೇಣಿಯು ಇನ್ನೊಂದೆಡೆ ಮಗುವಿನ ಮೊದಲ ಪಾಠವಾಗಿದೆ. ಆದ್ದರಿಂದ ಪರಕೀಯತೆಯು ಸ್ವರಗಳ ಗುಣವಲ್ಲ, ಕೇಳುವ ಕಿವಿಯ ಅಭ್ಯಾಸ ಎಂಬ ನಿಲುವಿನಿಂದಲೇ ಈ ಚರ್ಚೆಯನ್ನು ಆರಂಭಿಸಬೇಕಾಗುತ್ತದೆ.

ಬಗ್ಲಮಾಸ್ ಎಂಬುದು ಬುಜೂಕಿಯ ಕಿರಿಯ ರೂಪ. ಉದ್ದನೆಯ ಕೊರಳು, ಅಂಗೈಯಗಲದ ಒಡಲು, ಮೂರು ಜೋಡಿ ಲೋಹದ ತಂತಿಗಳು. ಶ್ರುತಿ ಬುಜೂಕಿಗಿಂತ ಒಂದು ಸ್ಥಾಯಿ ಮೇಲೆ. ಕೆತ್ತಿದ ಮರವಲ್ಲದೆ ಸೋರೆಬುರುಡೆ, ಆಮೆಯ ಚಿಪ್ಪುಗಳಿಂದಲೂ ಇದನ್ನು ಮಾಡಿದ್ದುಂಟು. ಮೇಲಂಗಿಯೊಳಗೆ ಅಡಗಿಸಬಹುದಾದ ಗಾತ್ರವಿದ್ದುದರಿಂದ ಸೆರೆಮನೆಗಳಿಗೂ ಹಷೀಶಿನ ಅಡ್ಡೆಗಳಿಗೂ ಒಪ್ಪಿದ ವಾದ್ಯವಿದು. 1934ರಲ್ಲಿ ಪಿರೇಯಸ್ ಬಂದರಿನಲ್ಲಿ ಮಾರ್ಕೋಸ್ ವಾಂವಕಾರಿಸ್ ಅವರೊಂದಿಗೆ ಕೂಡಿದ ಪ್ರಸಿದ್ಧ ನಾಲ್ವರ ಮೇಳದಲ್ಲಿ ಯೋರ್ಗೋಸ್ ಬಾಟಿಸ್ ನುಡಿಸುತ್ತಿದ್ದುದು ಬಗ್ಲಮಾಸನ್ನೇ.

ಕಲಿಕೆಯ ದೃಷ್ಟಿಯಿಂದ ಈ ವಾದ್ಯವು ಹಿಜಾಜ್‌ಕ್ಯಾರ್‌ಗೆಂದೇ ಹುಟ್ಟಿದಂತಿದೆ. ಮೂರು ಜೋಡಿಗಳ ಶ್ರುತಿಯನ್ನು ನಮ್ಮ ಪರಿಭಾಷೆಯಲ್ಲಿ ಷಡ್ಜ, ಪಂಚಮ, ಮೇಲಿನ ಷಡ್ಜ ಎಂದು ಗ್ರಹಿಸಬಹುದು. ಒಂದೊಂದು ಮೆಟ್ಟಿಲಿಗೂ ಅರ್ಧಸ್ವರದ ಅಂತರ. ಷಡ್ಜದ ತಂತಿಯನ್ನು ಬಿಟ್ಟು ಮೀಟಿ, ಬಳಿಕ 1, 4, 5ನೆಯ ಮೆಟ್ಟಿಲುಗಳನ್ನು ಒತ್ತಿದರೆ ಸ, ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮಗಳು ದೊರೆಯುತ್ತವೆ. ಪಂಚಮದ ತಂತಿಗೆ ಬಂದು ಅದೇ 1, 4, 5ನ್ನು ಒತ್ತಿದರೆ ಪ, ಶುದ್ಧ ಧೈವತ, ಕಾಕಲಿ ನಿಷಾದ, ಮೇಲಿನ ಸ. ಪೂರ್ವಾಂಗ, ಉತ್ತರಾಂಗಗಳೆರಡೂ ಒಂದೇ ಅಚ್ಚಿನವಾದ ಕಾರಣ ಬೆರಳು ಕಲಿಯಬೇಕಾದುದು ಒಂದೇ ವಿನ್ಯಾಸ. ಮಾಯಾಮಾಳವಗೌಳವನ್ನು ಆರಂಭಿಕರಿಗೆ ಸುಲಭವೆನ್ನಲು ಕೊಡುವ ಕಾರಣಗಳಲ್ಲಿ ಈ ಸಮತೆಯೂ ಒಂದು. 1ರಿಂದ 4ಕ್ಕೆ, ಅಂದರೆ ಮೂರು ಅರ್ಧಸ್ವರಗಳಷ್ಟು ದೂರಕ್ಕೆ ಜಿಗಿಯುವಾಗ ದೊಡ್ಡ ಬುಜೂಕಿಯ ಮೇಲೆ ಬೆರಳುಗಳನ್ನು ಚಾಚಬೇಕು. ಬಗ್ಲಮಾಸಿನ ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಆ ತೊಡಕಿಲ್ಲ.

ಆದರೆ ಸ್ಥಾನಗಳನ್ನು ಒತ್ತಬಲ್ಲವನು ಹಿಜಾಜ್‌ಕ್ಯಾರ್ ನುಡಿಸಬಲ್ಲನೆಂದು ಹೇಳಲಾಗದು. ರೆಬೆಟಿಕೊ ವಾದಕರು ಶ್ರೇಣಿ ಎನ್ನುವುದಿಲ್ಲ. ‘ದ್ರೋಮೊಸ್’, ಅಂದರೆ ದಾರಿ ಎನ್ನುತ್ತಾರೆ. (ನಮ್ಮ ಜನಪದ ಹಾಡುಗಾರರ ‘ಮಟ್ಟು’, ‘ಧಾಟಿ’ಗಳು ಧಾತುವಿನ ಅಚ್ಚನ್ನು ಸೂಚಿಸುತ್ತವೆ; ದ್ರೋಮೊಸ್ ಸಂಚಾರಕ್ರಮವನ್ನು ಸೂಚಿಸುತ್ತದೆ. ಇವನ್ನು ಸಮೀಕರಿಸುವುದು ತರವಲ್ಲ.) ಇದರ ಮೂಲವಾದ ತುರ್ಕಿ ಮಕಾಮ್ ಅವರೋಹಪ್ರಧಾನವಾದುದು. ಮೇಲಿನ ಷಡ್ಜದ ಸುತ್ತ ಸುಳಿದು, ಅಲ್ಲಲ್ಲಿ ನಿಂತು, ಕೆಳಗಿಳಿಯುವುದೇ ಅದರ ನಡೆ. ಹಾಡಿಗೆ ಮುನ್ನ ತಾಳವಿಲ್ಲದೆ ನುಡಿಸುವ ‘ತಕ್ಸೀಮಿ’ಯಲ್ಲಿ ಈ ನಡೆ ಪ್ರಕಟವಾಗುತ್ತದೆ. ನಮ್ಮ ಆಲಾಪನೆಯಂತೆಯೇ ಇದನ್ನು ಕೇಳಿಯೇ ಕಲಿಯಬೇಕು. ಏರುಕ್ರಮದ ಅಂಕಿಗಳನ್ನು ಮಾತ್ರ ಕೊಡುವ ಕೈಪಿಡಿಯು ದಾರಿಯನ್ನು ಬಿಟ್ಟು ಮೈಲಿಗಲ್ಲುಗಳನ್ನಷ್ಟೇ ತೋರಿಸುತ್ತದೆ.

ವಾದ್ಯದ ರಚನೆಯೂ ಒಂದು ನಷ್ಟವನ್ನು ಉಂಟುಮಾಡಿದೆ. ತುರ್ಕಿ ಶಾಸ್ತ್ರದಲ್ಲಿ ಪೂರ್ಣಸ್ವರವನ್ನು 9 ‘ಕೋಮ’ಗಳಾಗಿ ಭಾಗಿಸಿ, ಹಿಜಾಜ್ ಚತುಸ್ವರದ ಅಂತರಗಳನ್ನು 5–12–5 ಎಂದು ಎಣಿಸುತ್ತಾರೆ. ಸಮಶ್ರುತಿಯ ಮೆಟ್ಟಿಲುಗಳ ಮೇಲೆ ಇದು ಸರಿಸುಮಾರು 4.4–13.2–4.4 ಆಗುತ್ತದೆ. ಅಂದರೆ ರಿಷಭವು ತುಸು ಕೆಳಗೆ, ಗಾಂಧಾರವು ತುಸು ಮೇಲೆ ಸರಿದು ಜಿಗಿತ ಇನ್ನಷ್ಟು ಹಿಗ್ಗುತ್ತದೆ. ಹೊರಗಿನವರಿಗೆ ‘ಪೌರಸ್ತ್ಯ’ವೆಂದು ಕೇಳಿಸುವ ಈ ಹಿಗ್ಗುವಿಕೆಯಲ್ಲಿ ಒಂದು ಪಾಲು ಪಾಶ್ಚಾತ್ಯ ಮೆಟ್ಟಿಲುಗಳ ಕೊಡುಗೆಯೆಂಬುದು ವಿಪರ್ಯಾಸವೇ ಸರಿ. ಕಂಠವಾದರೆ ಈ ಸೂಕ್ಷ್ಮವನ್ನು ಉಳಿಸಿಕೊಳ್ಳಬಲ್ಲದು. ಬಗ್ಲಮಾಸಿಗೆ ಅದು ಕಷ್ಟ.

ಈ ಮಾರ್ಗಗಳು ಗ್ರೀಸಿನೊಳಗೇ ಪರಕೀಯವೆನಿಸಿದ ಕಾಲವೊಂದಿತ್ತು. 1922ರಲ್ಲಿ ಸ್ಮಿರ್ನಾ ನಗರ ನಾಶವಾಗಿ, 1923ರ ಒಪ್ಪಂದದಂತೆ ಜನಸಂಖ್ಯಾ ವಿನಿಮಯ ನಡೆದಾಗ ಹತ್ತು ಲಕ್ಷಕ್ಕೂ ಮಿಕ್ಕಿ ನಿರಾಶ್ರಿತರು ಗ್ರೀಸಿಗೆ ಬಂದರು. ಬಂದರು ಪಟ್ಟಣಗಳ ಬಡ ಕೇರಿಗಳಲ್ಲಿ ಅವರ ಹಾಡುಗಾರಿಕೆಯೂ ಸ್ಥಳೀಯರ ಬುಜೂಕಿಯೂ ಬೆರೆತವು. 1936ರ ಆಗಸ್ಟ್ 4ರಂದು ಸ್ಥಾಪಿತವಾದ ಮೆಟಾಕ್ಸಾಸ್ ಸರ್ವಾಧಿಕಾರವು ಧ್ವನಿಮುದ್ರಣಗಳ ಮೇಲೆ ನಿರ್ಬಂಧ ಹೇರಿತು. ಹಷೀಶಿನ ಸಾಹಿತ್ಯದೊಂದಿಗೆ ‘ತುರ್ಕಿ’ ಎನಿಸಿದ ಧಾಟಿಗಳೂ ಅದರ ಕೆಂಗಣ್ಣಿಗೆ ಗುರಿಯಾದವು. ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ರೆಬೆಟಿಕೊವನ್ನು ಸೇರಿಸಿದ್ದು 2017ರಲ್ಲಿ. ಅಷ್ಟರಲ್ಲಿ ಹಿಜಾಜ್‌ಕ್ಯಾರ್‌ನ ಒಂದು ಹಾಡು ಲೋಕವನ್ನೇ ಸುತ್ತಿ ಬಂದಿತ್ತು. 1927ರಲ್ಲಿ ಥಿಯೊಡೊಟೊಸ್ ಡಿಮಿಟ್ರಿಯಾಡಿಸ್ ಅಮೆರಿಕದಲ್ಲಿ ಮುದ್ರಿಸಿದ ‘ಮಿಸಿರ್ಲೂ’, 1962ರಲ್ಲಿ ಡಿಕ್ ಡೇಲ್ ಅವರ ಗಿಟಾರಿನಲ್ಲಿ ಸರ್ಫ್ ಸಂಗೀತವಾಗಿ ಮರುಹುಟ್ಟು ಪಡೆಯಿತು. ಅಲ್ಲಿ ಅದರ ವೇಗ ಎಷ್ಟೋ ಪಟ್ಟು ಹೆಚ್ಚಿದೆ; 1–4–5ರ ಜಿಗಿತ ಮಾತ್ರ ಹಾಗೆಯೇ ಕೇಳಿಸುತ್ತದೆ.