ಮುಳುಗಬಲ್ಲ ಹಡಗು ಕಟ್ಟುವವರು

ಕೊಳಕ್ಕೆ ಇಳಿಯುವ ಹಡಗಿನ ಬಗ್ಗೆ ಅನುಮಾನ ಬಂದರೆ ಒಂದು ಪರೀಕ್ಷೆ ನಡೆಯುತ್ತದೆ. ಅದರ ಮೈಗೆ ಹೊದಿಸಿದ ಬಾಲ್ಸಾ ಮರದ ಹಾಳೆಯ ಮೇಲೆ ಇಂತಿಷ್ಟು ತೂಕದ ಸರಳನ್ನು ಇಂತಿಷ್ಟು ಎತ್ತರದಿಂದ ಬೀಳಿಸಿ ನೋಡುತ್ತಾರೆ. ಸರಳು ಹಾಳೆಯನ್ನು ತೂರಿಕೊಂಡು ಒಳಗೆ ಹೋದರೆ ಹಡಗು ಪಾಸು. ಪುಟಿದು ವಾಪಸ್ ಬಂದರೆ ಫೇಲು. ಗಟ್ಟಿಯಾಗಿ ಕಟ್ಟಿದ್ದೇ ಇಲ್ಲಿ ತಪ್ಪು.

ರೇಡಿಯೊ ನಿಯಂತ್ರಿತ ಯುದ್ಧನೌಕೆಗಳ ಕಾಳಗ ಎಂಬ ಹವ್ಯಾಸದ ಮೂಲಸೂತ್ರವೇ ಇದು: ಹಡಗು ಮುಳುಗುವಂತಿರಬೇಕು. ಗುಂಡು ನಿಜವಾಗಿ ಹಾರಬೇಕು, ತೂತು ನಿಜವಾಗಿ ಬೀಳಬೇಕು, ನೀರು ನಿಜವಾಗಿ ನುಗ್ಗಬೇಕು. ಶುರುವಾಗಿದ್ದು 1970ರ ದಶಕದ ಕೊನೆಯಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ. ಅಲ್ಲಿಂದ ಬೇರೆ ರಾಜ್ಯಗಳಿಗೆ ಹಬ್ಬಿತು, ಆಸ್ಟ್ರೇಲಿಯಕ್ಕೂ ಹೋಯಿತು. ಇವತ್ತಿಗೂ ಇದು ದೊಡ್ಡ ಆಟವಲ್ಲ. ಒಂದು ಕೊಳ, ದಡದಲ್ಲಿ ಒಂದಿಷ್ಟು ಮೇಜು, ಕಣ್ಣಿಗೆ ಸುರಕ್ಷಾ ಕನ್ನಡಕ ಹಾಕಿಕೊಂಡ ಒಂದಿಷ್ಟು ಜನ. ಕನ್ನಡಕವಿಲ್ಲದೆ ನೋಡುಗರೂ ಹತ್ತಿರ ಸುಳಿಯುವಂತಿಲ್ಲ.

ಅಳತೆ ಒಂದಕ್ಕೆ ನೂರ ನಲವತ್ತನಾಲ್ಕು. ಹನ್ನೆರಡು ಹನ್ನೆರಡಲಿ ನೂರ ನಲವತ್ತನಾಲ್ಕಾದ್ದರಿಂದ ನಿಜದ ಹಡಗಿನ ಹನ್ನೆರಡು ಅಡಿ ಮಾದರಿಯಲ್ಲಿ ಸರಿಯಾಗಿ ಒಂದು ಇಂಚು. ಅಡಿ-ಇಂಚಿನಲ್ಲಿ ಬರೆದ ಹಳೆಯ ನಕ್ಷೆಗಳನ್ನು ಮುಂದಿಟ್ಟುಕೊಂಡವರಿಗೆ ಲೆಕ್ಕ ಸಲೀಸು. 251 ಮೀಟರ್ ಉದ್ದದ ಜರ್ಮನಿಯ ಬಿಸ್ಮಾರ್ಕ್ ಸುಮಾರು 1.74 ಮೀಟರಿಗೆ ಇಳಿಯುತ್ತದೆ. ಜಪಾನಿನ ಯಮಾಟೊ 1.83 ಮೀಟರ್. ಆಳೆತ್ತರದ ಹಡಗುಗಳು.

ಉದ್ದ ಹೀಗೆ ಇಳಿದರೆ ತೂಕದ ಕಥೆಯೇ ಬೇರೆ. ಉದ್ದ, ಅಗಲ, ಎತ್ತರ ಮೂರೂ 144 ಪಾಲು ಕುಗ್ಗುವುದರಿಂದ ತೂಕ ಹೆಚ್ಚುಕಡಿಮೆ ಮೂವತ್ತು ಲಕ್ಷ ಪಾಲು ಕುಗ್ಗುತ್ತದೆ. ಐವತ್ತು ಸಾವಿರ ಟನ್ನಿನ ಬಿಸ್ಮಾರ್ಕ್ ಹದಿನೇಳು ಕೆ.ಜಿ.ಯೊಳಗೆ ಬಂದು ಕೂರುತ್ತದೆ. ಬ್ಯಾಟರಿ, ಮೋಟರು, ಅನಿಲದ ಬಾಟಲಿ, ತೋಪು, ಗುಂಡು, ಪಂಪು ಎಲ್ಲವೂ ಆ ಹದಿನೇಳರಲ್ಲೇ ಅಡಕ. ಬಿಸ್ಮಾರ್ಕ್ ಕಟ್ಟುವವನು ಪುಣ್ಯವಂತ. ಡೆಸ್ಟ್ರಾಯರ್ ಎಂಬ ಸಣ್ಣ ನೌಕೆಯನ್ನು ಆರಿಸಿಕೊಂಡವನಿಗೆ ಎಂಬತ್ತು ಸೆಂಟಿಮೀಟರ್ ಉದ್ದ, ಒಂದು ಗೇಣೂ ಇಲ್ಲದ ಅಗಲ, ಒಂದು ಕೆ.ಜಿ.ಗಿಂತ ಕಡಿಮೆ ತೂಕ. ಅಷ್ಟರಲ್ಲಿ ಓಡುವ, ತಿರುಗುವ, ಗುಂಡು ಹಾರಿಸುವ ಹಡಗನ್ನು ಕೂರಿಸುವುದು ಗಡಿಯಾರ ರಿಪೇರಿಯಂಥ ಸೂಕ್ಷ್ಮದ ಕೆಲಸ. ಅದಕ್ಕೆ ಕೈಹಾಕುವವರ ಬಗ್ಗೆ ನನಗೆ ವಿಶೇಷ ಗೌರವವಿದೆ.

ಒಡಲನ್ನು ಸಾಮಾನ್ಯವಾಗಿ ಫೈಬರ್‌ಗ್ಲಾಸಿನಲ್ಲಿ ಅಚ್ಚು ಹಾಕುತ್ತಾರೆ. ಆಮೇಲೆ ಎರಡೂ ಮಗ್ಗುಲಲ್ಲಿ ಸಾಲಾಗಿ ಕಿಟಕಿ ಕೊರೆಯುತ್ತಾರೆ. ನೀರಿನ ಗೆರೆಗಿಂತ ಸ್ವಲ್ಪ ಕೆಳಗಿನವರೆಗೂ ಕೊರೆಯಬೇಕು. ನಡುನಡುವೆ ಉಳಿಯುವುದು ಬರೀ ಪಕ್ಕೆಲುಬು. ಅದರ ಮೇಲೆ ಬಾಲ್ಸಾ ಹಾಳೆ ಅಂಟಿಸಿ, ತೆಳುಕಾಗದ ಹೊದಿಸಿ, ಬಣ್ಣ ಬಳಿದರೆ ಮೈ ಸಿದ್ಧ. ಹೆಚ್ಚು ಚಾಲ್ತಿಯಲ್ಲಿರುವ ‘ಫಾಸ್ಟ್ ಗನ್’ ಪದ್ಧತಿಯಲ್ಲಿ ಈ ಹಾಳೆಯ ದಪ್ಪ ಇಂಚಿನ ಮೂವತ್ತೆರಡನೆಯ ಒಂದು ಭಾಗ, ಒಂದು ಮಿಲಿಮೀಟರಿಗೂ ಕಡಿಮೆ. ನಮ್ಮ ಮಲೆನಾಡಿನಲ್ಲಿ ಸೋಗೆ ಹೊದಿಸಿದ ಮನೆಗಳಿದ್ದವಲ್ಲ, ಕಂಬ-ತೊಲೆ ತಲೆಮಾರುಗಟ್ಟಲೆ ನಿಂತು ಸೋಗೆ ಮಾತ್ರ ವರ್ಷವರ್ಷವೂ ಹೊಸದಾಗುತ್ತಿತ್ತು. ಈ ಹಡಗುಗಳ ಬಾಳೂ ಹಾಗೆಯೇ. ತೇಪೆಯ ಮೇಲೆ ತೇಪೆ ಬಿದ್ದು ಇನ್ನು ತೇಪೆಗೂ ಜಾಗವಿಲ್ಲ ಎಂದಾದಾಗ ಹಳೆಯ ಮೈಯನ್ನು ಕಿತ್ತು ಹೊಸತು ಹೊದಿಸುತ್ತಾರೆ.

ತೋಪಿನ ಶಕ್ತಿ ಇಂಗಾಲದ ಡೈಆಕ್ಸೈಡ್, ಗೋಲಿಸೋಡಾಕ್ಕೆ ತುಂಬುವ ಅದೇ ಅನಿಲ. ಫಾಸ್ಟ್ ಗನ್‌ನಲ್ಲಿ 4.5 ಮಿಲಿಮೀಟರಿನ ಉಕ್ಕಿನ ಗುಂಡು. ತೋಪು ಅತ್ತಿತ್ತ ತಿರುಗುವುದಿಲ್ಲ, ಆದ್ದರಿಂದ ಗುರಿ ಹಿಡಿಯಲು ಹಡಗನ್ನೇ ತಿರುಗಿಸಬೇಕು. ಅಟ್ಟಿಸಿಕೊಂಡು ಬರುವವನಿಗೆ ಬಾಲದಿಂದ ಹೊಡೆಯುವುದು ಇಲ್ಲಿ ಪಳಗಿದವರ ವಿದ್ಯೆ. ‘ಬಿಗ್ ಗನ್’ ಎಂಬ ಇನ್ನೊಂದು ಪದ್ಧತಿಯಲ್ಲಿ ಗೋಪುರಗಳೇ ತಿರುಗುತ್ತವೆ. ನಿಜದ ಹಡಗಿನ ತೋಪು ದೊಡ್ಡದಿದ್ದಷ್ಟೂ ಮಾದರಿಯ ಗುಂಡು ದೊಡ್ಡದು, ಅದರ ಕವಚ ದಪ್ಪವಿದ್ದಷ್ಟೂ ಬಾಲ್ಸಾ ದಪ್ಪ. ಅತಿ ದೊಡ್ಡ ತೋಪಿನದು ಕಾಲಿಂಚಿನ ಗುಂಡು, ಸೈಕಲ್ಲಿನ ಹಿಂಚಕ್ರದ ಬೇರಿಂಗಿನಲ್ಲಿರುತ್ತದಲ್ಲ, ಅಷ್ಟು. ವೇಗ ಬೇಕೆನ್ನುವವರು ಮೊದಲನೆಯದಕ್ಕೆ ಹೋಗುತ್ತಾರೆ. ಚರಿತ್ರೆಯ ಹದ ಬೇಕೆನ್ನುವವರು ಎರಡನೆಯದಕ್ಕೆ. ನನ್ನ ಒಲವು ಎರಡನೆಯದರ ಕಡೆ.

ಹೊರಗಿನವರ ಕಣ್ಣು ಸಹಜವಾಗಿ ತೋಪುಗಳ ಮೇಲೆ ಬೀಳುತ್ತದೆ. ಆದರೆ ಈ ಕಸುಬಿನ ಜೀವಾಳ ಇರುವುದು ಒಡಲಿನೊಳಗೆ ನೀರು ಹೇಗೆ ನಡೆಯುತ್ತದೆ ಎಂಬುದರಲ್ಲಿ. ಅಗಲವಾದ ಹರಿವಾಣದಲ್ಲಿ ನೀರು ತುಂಬಿ ಹೊತ್ತು ನಡೆದು ನೋಡಿ: ಒಂದು ಹೆಜ್ಜೆ ತಪ್ಪಿದರೆ ನೀರೆಲ್ಲ ಒಂದೇ ಬದಿಗೆ ಧಾವಿಸುತ್ತದೆ, ಅದರ ಹಿಂದೆ ಹರಿವಾಣವೂ ವಾಲುತ್ತದೆ. ಅಷ್ಟೇ ನೀರು ಚೊಂಬಿನಲ್ಲಿದ್ದರೆ ತೊಂದರೆಯಿಲ್ಲ. ತೂತು ಬಿದ್ದ ಹಡಗು ಎಷ್ಟೋ ಸಲ ನೀರಿನ ಭಾರಕ್ಕೆ ಮುಳುಗುವುದಿಲ್ಲ, ಆ ನೀರು ಒಂದು ಮಗ್ಗುಲಿಗೆ ಓಡಿದ್ದರಿಂದ ಮಗುಚಿ ಮುಳುಗುತ್ತದೆ. ಇದಕ್ಕಾಗಿ ಒಳಗೆ ಎರಡೂ ಬದಿ ಹಗುರ ದಿಮ್ಮಿ ಕೂರಿಸಿ ನಡುವೆ ಕಿರುಗಾಲುವೆಯೊಂದನ್ನೇ ಬಿಡುತ್ತಾರೆ. ಒಳಬಂದ ನೀರು ಆ ಕಾಲುವೆ ಹಿಡಿದು ಪಂಪಿನ ಬಾಯಿಗೆ ಹೋಗಬೇಕು. ಪಂಪಿಗೂ ಮಿತಿಯುಂಟು: ದೊಡ್ಡ ಹಡಗಿಗೂ ನೀರು ಉಗುಳುವ ರಂಧ್ರ ಮೂರು ಮಿಲಿಮೀಟರಿಗಿಂತ ಚೂರು ದೊಡ್ಡದು, ಅಷ್ಟೇ. ಒಳಬರುವ ನೀರು ಇಷ್ಟು, ಹೊರಹೋಗುವ ನೀರು ಇಷ್ಟು. ಈ ಸಣ್ಣ ಲೆಕ್ಕದಲ್ಲಿ ಗೆದ್ದವನ ಹಡಗು ಮೈತುಂಬ ತೂತಾದ ಮೇಲೂ ಮಗ್ಗುಲಿನಿಂದ ಚಿಲುಮೆಯಂತೆ ನೀರು ಚಿಮ್ಮಿಸುತ್ತ ತೇಲುತ್ತಿರುತ್ತದೆ. ಆ ಚಿಲುಮೆ ಕಂಡರೆ ಎದುರಾಳಿಗಳೆಲ್ಲ ಅತ್ತ ತಿರುಗುತ್ತಾರೆ.

ಲೆಕ್ಕ ಹಾಕುವುದು ತೂತು ಎಣಿಸಿ. ನೀರಿನ ಗೆರೆಯ ಮೇಲಿನ ತೂತಿಗೆ 10 ಅಂಕ, ಗೆರೆಯ ಮೇಲೇ ಬಿದ್ದದ್ದಕ್ಕೆ 25, ಕೆಳಗಿನದಕ್ಕೆ 50. ಮುಳುಗಿಸಿದರೆ ಬೇರೆಯೇ ಗಂಟು. ಗುಂಡು ಮುಗಿಸಿದವನು ‘ಫೈವ್’ ಎಂದು ಕೂಗಿ ಹೇಳಬೇಕು. ಆಮೇಲೆ ಇನ್ನೂ ಐದು ನಿಮಿಷ ನೀರಿನ ಮೇಲೆ ಉಳಿದರಷ್ಟೇ ದಡ ಸೇರಲು ಹಕ್ಕು. ಕೈಯಲ್ಲಿ ಗುಂಡಿಲ್ಲದೆ ಓಡುವುದೊಂದೇ ದಾರಿಯಾದ ಆ ಐದು ನಿಮಿಷದಲ್ಲಿ ಹಡಗು ನಡೆಸುವವನ ಯೋಗ್ಯತೆ ಗೊತ್ತಾಗುತ್ತದೆ.

ಕ್ಷಿಪಣಿಗಳ ಕಾಲದ ನೌಕೆಗಳು ಇಲ್ಲಿ ಸಲ್ಲುವುದಿಲ್ಲ. 20ನೇ ಶತಮಾನದ ಆರಂಭದಿಂದ ಎರಡನೇ ಮಹಾಯುದ್ಧದ ಹೊತ್ತಿನವರೆಗಿನ ಹಡಗುಗಳೇ ಆಗಬೇಕು. ಎದುರುಬದುರು ನಿಂತು ತೋಪಿನಲ್ಲಿ ಹೊಡೆದಾಡಿದ ಕಾಲವೆಂದರೆ ಅದು. ಆ ಪಟ್ಟಿಯೊಳಗೆ ನಮ್ಮ ಊರಿನ ಹೆಸರು ಹೊತ್ತ ಹಡಗೂ ಇದೆ. ಬ್ರಿಟನ್ನಿನ ಕ್ರೂಸರ್ ಎಚ್‌ಎಂಎಸ್ ನೈಜೀರಿಯಾ 1942ರ ಆಗಸ್ಟಿನಲ್ಲಿ ಮಾಲ್ಟಾಕ್ಕೆ ಸಾಮಗ್ರಿ ಒಯ್ಯುವ ಹಡಗುಗಳಿಗೆ ಕಾವಲಾಗಿ ಹೊರಟಿದ್ದಾಗ ಇಟಲಿಯ ಜಲಾಂತರ್ಗಾಮಿಯ ಟಾರ್ಪೆಡೊ ತಿಂದೂ ಮುಳುಗದೆ ಉಳಿಯಿತು. ಅದನ್ನು 1957ರಲ್ಲಿ ಭಾರತ ಪಡೆದು ಐಎನ್‌ಎಸ್ ಮೈಸೂರು ಎಂದು ಹೆಸರಿಟ್ಟಿತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆ ಅದೇ. 169 ಮೀಟರಿನ ಆ ಹಡಗು ಈ ಅಳತೆಯಲ್ಲಿ 1.18 ಮೀಟರ್. ಕೊಳದಲ್ಲಿ ಅದು ಮಿತ್ರಪಕ್ಷದ ಸಾಲಿನಲ್ಲಿ ಹಳೆಯ ಹೆಸರಿನಲ್ಲೇ ಇಳಿಯಬೇಕು, ನಿಜ. ಆದರೂ ಯಾರಾದರೂ ಕನ್ನಡಿಗರು ಅದನ್ನು ಕಟ್ಟಲಿ ಎಂಬ ಆಸೆ ನನಗಿದೆ.

ರೇಡಿಯೊ ಅಲೆಯಿಂದ ನಡೆಸುವ ಯಂತ್ರವೆಂದು ಲೋಕ ಮೊದಮೊದಲು ಕಂಡದ್ದೂ ದೋಣಿಯನ್ನೇ. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನೀರಿನ ತೊಟ್ಟಿ ಇಟ್ಟು ನಿಕೋಲಾ ಟೆಸ್ಲಾ ಅದನ್ನು ಓಡಿಸಿ ತೋರಿಸಿದ್ದ. ಇಂಗ್ಲೆಂಡಿನ ಸ್ಕಾರ್ಬರೊ ಪಟ್ಟಣದ ಪೀಸ್‌ಹೋಮ್ ಪಾರ್ಕಿನ ಕೆರೆಯಲ್ಲಂತೂ 1927ರಿಂದ ಬೇಸಿಗೆಯ ನೌಕಾಯುದ್ಧದ ಆಟ ನಡೆದುಬಂದಿದೆ. ಅಲ್ಲಿ ಹಡಗುಗಳು ದೊಡ್ಡವು, ಹೆಚ್ಚಿನವನ್ನು ಒಳಗೆ ಆಳು ಕೂತೇ ನಡೆಸುತ್ತಾರೆ. 1914ರ ಡಿಸೆಂಬರಿನಲ್ಲಿ ಜರ್ಮನ್ ನೌಕೆಗಳ ನಿಜವಾದ ಗುಂಡು ಬಿದ್ದ ಊರು ಅದು.

ಮತ್ತೆ ನಮ್ಮ ಬಾಲ್ಸಾ ಹಡಗುಗಳ ಕೊಳಕ್ಕೆ ಬಂದರೆ, ಮುಳುಗಿದ ಹಡಗಿನಿಂದ ದಾರ ಕಟ್ಟಿದ ತೇಲುಬುರುಡೆಯೊಂದು ಮೇಲೆದ್ದು ಜಾಗ ತೋರಿಸುತ್ತದೆ. ಒಡೆಯ ನೀರಿಗಿಳಿದು, ದಾರ ಹಿಡಿದು ಮೆಲ್ಲಗೆ ಎತ್ತುತ್ತಾನೆ. ದಡಕ್ಕೆ ಬರುವಾಗ ಅದರ ಮೈಯ ಒಂದೊಂದು ತೂತಿನಿಂದಲೂ ಸಣ್ಣಗೆ ನೀರು ಸುರಿಯುತ್ತಿರುತ್ತದೆ. ಹೊಡೆದವನೂ ಹೊಡೆಸಿಕೊಂಡವನೂ ಮೇಜಿನ ಮೇಲೆ ಬಗ್ಗಿ ಒಟ್ಟಿಗೆ ಎಣಿಸುತ್ತಾರೆ. ಮೇಲೆ ಎಂಟು, ಗೆರೆಯಲ್ಲಿ ಮೂರು, ಕೆಳಗೆ ಐದು. ಹಡಗನ್ನು ಬೋರಲು ಹಾಕಿ, ಒರೆಸಿ, ಒಣಗಿಸಿ, ಚಿಕ್ಕಚಿಕ್ಕ ಬಾಲ್ಸಾ ಚೂರುಗಳನ್ನು ಕತ್ತರಿಸಿ ಅಂಟಿಸತೊಡಗುತ್ತಾರೆ. ಬಾಟಲಿಗೆ ಅನಿಲ ತುಂಬುತ್ತದೆ, ಗುಂಡು ಎಣಿಸಿ ಹಾಕಲಾಗುತ್ತದೆ. ಮುಂದಿನ ಸುತ್ತಿಗೆ ಕರೆ ಬಂದಾಗ ಎಷ್ಟೋ ಸಲ ತೇಪೆಯ ಅಂಟು ಇನ್ನೂ ಪೂರ್ತಿ ಒಣಗಿರುವುದಿಲ್ಲ.