ಹಗಿ: ಕಿತ್ತಳೆ ಗಿಡಗಳು ಕಾಪಾಡಿದ ಕೋಟೆಪೇಟೆ

ವಾಚನಾಲಯದ ಗೋಡೆಗೆ ತೂಗುಹಾಕುವಂಥ ಏಷ್ಯಾ ಭೂಪಟಗಳಲ್ಲಿ ಹಗಿ ಎಂಬ ಊರಿನ ಹೆಸರು ದೊರೆಯುವುದು ಕಷ್ಟ. ಜಪಾನಿನ ಮುಖ್ಯ ದ್ವೀಪವಾದ ಹೊನ್ಷುವಿನ ಪಶ್ಚಿಮದ ತುದಿಯಲ್ಲಿ, ಯಾಮಗುಚಿ ಪ್ರಾಂತದ ಉತ್ತರ ಕಡಲಂಚಿನಲ್ಲಿ ಅದು ಇದೆ. ಅತಿವೇಗದ ಷಿಂಕಾನ್ಸೆನ್ ರೈಲು ಅಲ್ಲಿಗೆ ಹೋಗುವುದಿಲ್ಲ. ಷಿನ್-ಯಾಮಗುಚಿ ನಿಲ್ದಾಣದಲ್ಲಿ ಇಳಿದು ಗುಡ್ಡಗಳ ನಡುವೆ ಗಂಟೆಗೂ ಮೇಲ್ಪಟ್ಟು ಬಸ್ಸಿನಲ್ಲಿ ಸಾಗಬೇಕು. ತೋಕಿಯೋ, ಕ್ಯೋತೋ ನೋಡಿ ಹಿಂದಿರುಗುವುದು ಪ್ರವಾಸಿಗರ ವಾಡಿಕೆ. ಆದರೆ ಹಳೆಯ ಕೋಟೆಪೇಟೆ ಹೇಗಿತ್ತೆಂದು ತಿಳಿಯಬಯಸುವವರು ಈ ಬಸ್ಸು ಹತ್ತುವುದೇ ಲೇಸು.

ಜಪಾನೀಯರು ಇಂಥ ಊರನ್ನು ‘ಜೋಕಾಮಾಚಿ’ ಎನ್ನುತ್ತಾರೆ. ಕೋಟೆಯ ಕೆಳಗಿನ ಪೇಟೆ ಎಂದರ್ಥ. ನಡುವೆ ದೊರೆಯ ಕೋಟೆ, ಅದಕ್ಕೆ ಹತ್ತಿರ ಮೇಲ್ದರ್ಜೆಯ ಸಮುರಾಯಿಗಳ ಮನೆಗಳು, ಅದರಾಚೆ ಕೆಳದರ್ಜೆಯವರ ಮತ್ತು ವರ್ತಕರ ಬೀದಿಗಳು. ಹಗಿ ಹುಟ್ಟಿದ್ದು ಒಂದು ಸೋಲಿನಿಂದ. 1600ರ ಸೆಕಿಗಹಾರಾ ಯುದ್ಧದಲ್ಲಿ ಸೋತ ಪಕ್ಷದಲ್ಲಿದ್ದ ಮೋರಿ ತೆರುಮೊಟೊ ಎಂಬ ದೊರೆಯ ಸೀಮೆ ಸುಮಾರು 12 ಲಕ್ಷ ‘ಕೊಕು’ವಿನಿಂದ 3 ಲಕ್ಷಕ್ಕೆ ಇಳಿಯಿತು. ಒಂದು ಕೊಕು ಎಂದರೆ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸಾಲುವಷ್ಟು ಅಕ್ಕಿ. ಹಿರೋಷಿಮಾ ಬಿಡಬೇಕಾಗಿ ಬಂದ ಆತ 1604ರಲ್ಲಿ ಇಲ್ಲಿ, ಎರಡು ಹೊಳೆಗಳ ನಡುವಣ ಮರಳುದಿಣ್ಣೆಯ ಮೇಲೆ, ಕಡಲಿಗೆ ಚಾಚಿದ ಷಿಜುಕಿ ಬೆಟ್ಟದ ಬುಡದಲ್ಲಿ, ಕೋಟೆ ಕಟ್ಟಲು ತೊಡಗಿದ.

ಎರಡೂವರೆ ಶತಮಾನ ಕಳೆದ ಮೇಲೆ 1863ರಲ್ಲಿ ಮೋರಿ ಮನೆತನ ರಾಜಧಾನಿಯನ್ನು ಯಾಮಗುಚಿಗೆ ಒಯ್ದಿತು. 1874ರಲ್ಲಿ ಕೋಟೆಯ ಐದು ಅಂತಸ್ತಿನ ಸೌಧವನ್ನು ಕೆಡವಿದರು. ಈಗ ಅಲ್ಲಿರುವುದು ಕಲ್ಲಿನ ಅಡಿಪಾಯ ಮತ್ತು ಕಂದಕ ಮಾತ್ರ. ಇನ್ನು 1876, ಊರಿಗೆ ಕೆಟ್ಟ ವರ್ಷ. ಸಮುರಾಯಿಗಳು ಕತ್ತಿ ಧರಿಸುವುದನ್ನು ಸರ್ಕಾರ ನಿಷೇಧಿಸಿತು; ವಂಶಪಾರಂಪರ್ಯವಾಗಿ ಬರುತ್ತಿದ್ದ ಅಕ್ಕಿಯ ಸಂಬಳವನ್ನೂ ನಿಲ್ಲಿಸಿತು. ಮಾಯೆಬಾರಾ ಇಸ್ಸೈ ಎಂಬಾತನ ಮುಂದಾಳುತನದಲ್ಲಿ ಹಗಿಯ ಸಮುರಾಯಿಗಳು ದಂಗೆಯೆದ್ದರು. ಕೆಲವೇ ದಿನಗಳಲ್ಲಿ ದಂಗೆ ಅಡಗಿತು, ಆತನ ತಲೆ ಹೋಯಿತು.

ಅದೇ ವರ್ಷ ಒಬಾತಾ ತಾಕಾಮಾಸ ಎಂಬ ಇನ್ನೊಬ್ಬ ಸಮುರಾಯಿ ಬೇರೊಂದು ದಾರಿ ಹಿಡಿದ. ಸರ್ಕಾರಿ ಕೆಲಸ ಬಿಟ್ಟು ಊರಿಗೆ ಬಂದಿದ್ದ ಆತ ‘ನಾತ್ಸುಮಿಕಾನ್’, ಅಂದರೆ ಬೇಸಗೆ ಕಿತ್ತಳೆಯ ಬೀಜ ಬಿತ್ತಿ ಸಸಿ ಬೆಳೆಸಿದ. ಇದು ಚಕ್ಕೋತದ ಬಳಗದ ದಪ್ಪ ಸಿಪ್ಪೆಯ ಹುಳಿಹಣ್ಣು. ಸಸಿಗಳನ್ನು ಬಡತನಕ್ಕೆ ಬಿದ್ದ ಸಮುರಾಯಿ ಮನೆಗಳಿಗೆ ಹಂಚಿದರು. ವಿಶಾಲವಾದ ಹಿತ್ತಿಲುಗಳೂ ಖಾಲಿ ನಿವೇಶನಗಳೂ ತೋಟಗಳಾದವು. ಇಲ್ಲಿ ಒಂದು ಸಂಗತಿ ಗಮನಿಸತಕ್ಕದ್ದು. ಕಡಲಗಾಳಿ ಈ ಗಿಡಕ್ಕೆ ಶತ್ರು. ಶತ್ರುಸೈನ್ಯವನ್ನು ತಡೆಯಲೆಂದು ಕಟ್ಟಿದ ಎತ್ತರದ ಮಣ್ಣುಗೋಡೆಗಳು ಗಾಳಿಯನ್ನು ತಡೆದವು. ಆದಕಾರಣ ಅವನ್ನು ಯಾರೂ ಕೆಡವಲಿಲ್ಲ. ಅನಂತರ ಬಂದ ರೈಲುದಾರಿಯೂ ಹಳೆಯ ಪೇಟೆಯ ನಡುವೆ ಹಾಯದೆ ಹೊರಗಿನಿಂದ ಬಳಸಿಕೊಂಡು ಹೋಯಿತು. ಸಮುರಾಯಿ ಕಾಲದ ನಕ್ಷೆ ಹಿಡಿದು ಇಂದಿಗೂ ಊರು ಸುತ್ತಬಹುದು ಎಂದು ಹಗಿಯವರು ಹೇಳಿಕೊಳ್ಳುವುದು ಜಂಬವಲ್ಲ.

ಕಾಲ್ನಡಿಗೆ ಇಲ್ಲವೆ ಬಾಡಿಗೆ ಸೈಕಲ್ಲು ಇಲ್ಲಿಗೆ ತಕ್ಕ ವಾಹನ. ಹೊರಿಉಚಿ ಮತ್ತು ಹಿಯಾಕೊ ಎಂಬ ಕೇರಿಗಳನ್ನು ಮೊದಲು ನೋಡಬೇಕು. ಹಿಯಾಕೊದಲ್ಲಿ ದಾರಿ ಇದ್ದಕ್ಕಿದ್ದಂತೆ ಕೊಕ್ಕೆಯ ಹಾಗೆ ಎರಡು ಬಾರಿ ಮುರಿಯುತ್ತದೆ. ಎರಡೂ ಕಡೆ ಗೋಡೆ, ಮುಂದೇನಿದೆಯೆಂದು ಕಾಣದು. ಒಳನುಗ್ಗಿದ ಶತ್ರು ದಿಕ್ಕುಗೆಡಲೆಂದೇ ಮಾಡಿದ ಉಪಾಯವಿದು. ವರ್ತಕರ ಕೇರಿಯಲ್ಲಿ ಕಿಕುಯಾ ಮನೆತನದ ದೊಡ್ಡ ಮನೆಯಿದೆ. ಅದರ ಪಕ್ಕದ ಓಣಿಯಲ್ಲಿ ಕಪ್ಪು ಹಂಚುಗಳ ಸಂದುಗಳಿಗೆ ಬಿಳಿ ಗಾರೆ ಉಬ್ಬಾಗಿ ಮೆತ್ತಿದ ಗೋಡೆಯನ್ನು ನೋಡಿಯೇ ಮುಂದೆ ಹೋಗಬೇಕು.

ಹೊಳೆಯ ಮೂಡಣ ದಡದಲ್ಲಿ ಯೋಷಿದಾ ಷೋಇನ್ ಎಂಬ ತರುಣ ಗುರುವಿನ ಪಾಠಶಾಲೆ ಇದೆ. ಎಂಟು ಚಾಪೆ ಹಿಡಿಯುವ ಕೋಣೆಯೊಂದು, ಜಾಗ ಸಾಲದೆ ಶಿಷ್ಯರೇ ಸೇರಿಸಿದ ಇನ್ನೊಂದು, ಇಷ್ಟೇ. ಗುರುವಿಗೆ 1859ರಲ್ಲಿ ಮರಣದಂಡನೆಯಾಯಿತು. ಜಪಾನಿನ ಮೊದಲ ಪ್ರಧಾನಿ ಇತೋ ಹಿರೋಬುಮಿ ಇಲ್ಲಿಯೇ ಓದಿದ. ದಂಗೆಯೆದ್ದ ಮಾಯೆಬಾರಾನೂ ಇಲ್ಲಿಯವನೇ. 1898ರಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಹೋಗಿ ನೋಡಿಬಂದ ಹೊಸ ಜಪಾನನ್ನು ಕಟ್ಟಿದವರಲ್ಲಿ ಅನೇಕರು ಈ ಪುಟ್ಟ ಊರಿನ ಕಡೆಯವರೇ.

1976ರಲ್ಲಿ ಹೊರಿಉಚಿ, ಹಿಯಾಕೊ ಎರಡೂ ಕೇರಿಗಳನ್ನು ಜಪಾನ್ ಸರ್ಕಾರ ರಕ್ಷಿತ ಪ್ರದೇಶಗಳ ಮೊದಲ ಪಟ್ಟಿಗೆ ಸೇರಿಸಿತು. 2015ರಲ್ಲಿ ಕೋಟೆಪೇಟೆಯೂ ಪಾಠಶಾಲೆಯೂ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿ ಸೇರಿದವು. ಆದರೂ ಇದು ವಸ್ತುಸಂಗ್ರಹಾಲಯವಲ್ಲ. ಬಹುಪಾಲು ಗೋಡೆಗಳ ಹಿಂದೆ ಜನ ಸಂಸಾರ ಮಾಡಿಕೊಂಡಿದ್ದಾರೆ. ಬಾಗಿಲು ತೆರೆದಿದೆಯೆಂದು ಒಳಗೆ ಹೆಜ್ಜೆ ಇಡಬಾರದು. ಹೋಗುವುದಾದರೆ ಮೇ ತಿಂಗಳಲ್ಲಿ ಹೋಗಿರಿ: ಆಗ ಕಿತ್ತಳೆ ಹೂವಿನ ವಾಸನೆ ಗೋಡೆ ದಾಟಿ ಬೀದಿಗೆ ಬರುತ್ತದೆ. ಹಣ್ಣಿನ ಸಿಪ್ಪೆಯನ್ನು ಸಕ್ಕರೆಯಲ್ಲಿ ಬೇಯಿಸಿ ಒಣಗಿಸಿದ ತಿನಿಸು ಅಂಗಡಿಗಳಲ್ಲಿ ಸಿಗುತ್ತದೆ; ಸ್ವಲ್ಪ ಕಹಿ, ಆದರೆ ರುಚಿ ಹತ್ತಿದರೆ ಬಿಡುವಂತಿಲ್ಲ.